ಅಕ್ಕಡಿ ಸಾಲಿನ ಬೇರನ್ನೊಮ್ಮೆ ಅಗೆದು ನೋಡಿ
ಸೂರಗೊಂಡನಕೊಪ್ಪದ ಸುತ್ತಿನ ಮೆಕ್ಕೆಜೋಳ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಸೂರಗೊಂಡನಕೊಪ್ಪದ ಮತ್ತು ಸುತ್ತಲಿನ ತಾಂಡಾ, ಹಳ್ಳಿಗಳ ಅಣ್ಣಂದಿರೇ, ಅಕ್ಕಂದಿರೇ,

2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ನಾವೆಲ್ಲ ಸರತಿ ನಿಂತದ್ದು ನಿಮಗೆ ಮರೆತಿರಲಾರದು. ಮಳೆ ಹದವಾಗಿ ಬಂದಿತ್ತು, ಮೆಕ್ಕೆಜೋಳ ಮೊಣಕಾಲುದ್ದ ಎದ್ದಿತ್ತು, ಮೇಲುಗೊಬ್ಬರದ ಹೊತ್ತು ಕೈಮೀರುತ್ತಿತ್ತು. ಬೆಳಗಿನ ಜಾವಕ್ಕೇ ಹೋಗಿ ಚಪ್ಪಲಿ ಬಿಟ್ಟು ಜಾಗ ಹಿಡಿದವರಲ್ಲಿ ನಾನೂ ಒಬ್ಬ. ಎರಡು ಚೀಲ ಬೇಕಿತ್ತು, ಸಿಕ್ಕಿದ್ದು ಒಂದು. ನನ್ನ ಹಿಂದೆ ನಿಂತಿದ್ದ ತಾಂಡಾದ ಹಿರಿಯರೊಬ್ಬರಿಗೆ ಅದೂ ಸಿಗಲಿಲ್ಲ. ‘ನಮ್ಮಪ್ಪನ ಕಾಲಕ್ಕೆ ಈ ಚೀಲಾನೇ ಇರಲಿಲ್ಲ, ಹೊಲ ಬೆಳೀತಿತ್ತಲ್ಲ ಮೇಷ್ಟ್ರೇ?’ ಎಂದು ಅವರು ಕೇಳಿದರು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಆದರೂ ಅಲ್ಲಿ ನಿಂತು ಪೂರಾ ಉತ್ತರ ಕೊಡಲಾಗಲಿಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಗೊಬ್ಬರದ ಸರತಿ ನಮ್ಮ ಸೀಮೆಗೆ ಹೊಸದಲ್ಲ. 2008ರ ಜೂನ್ 10ರಂದು ಪಕ್ಕದ ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಜೀವ ಕಳೆದುಕೊಂಡರು. ಒಂದು ಚೀಲ ಗೊಬ್ಬರ ಮನುಷ್ಯನ ಜೀವದಷ್ಟು ತುಟ್ಟಿಯಾದ ದಿನ ಅದು. ಆ ಚೀಲದೊಳಗಿನ ಸರಕು ನಮ್ಮ ಹೊಲದಲ್ಲೇ, ಒಂದು ಜಾತಿಯ ಗಿಡಗಳ ಬೇರಿನಲ್ಲಿ, ಅಂದೂ ತಯಾರಾಗುತ್ತಿತ್ತು, ಇಂದೂ ತಯಾರಾಗುತ್ತದೆ. ಆ ಗಿಡಗಳನ್ನು ನಾವು ಹೊಲದಿಂದ ಕಳಿಸಿಬಿಟ್ಟಿದ್ದೇವೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಅವುಗಳನ್ನು ಮತ್ತೆ ಕರೆತರೋಣ. ಒಬ್ಬೊಬ್ಬರಾಗಿ ಅದು ಆಗುವುದಿಲ್ಲ, ಊರು ಕೂಡಿಯೇ ತರಬೇಕು.

ಮೊದಲು ಬೇರಿನ ಮಾತು. ಅಲಸಂದೆ, ತೊಗರಿ, ಹೆಸರು, ಉದ್ದು, ಹುರುಳಿ, ಅವರೆ, ಶೇಂಗಾ, ಕಡಲೆ: ಇವುಗಳ ಬೇರಿನಲ್ಲಿ ಸಾಸಿವೆಯಷ್ಟು, ಕೆಲವೊಮ್ಮೆ ಸಣ್ಣ ಬಟಾಣಿಯಷ್ಟು ದಪ್ಪದ ಗಂಟುಗಳಿರುವುದನ್ನು ನೀವೆಲ್ಲ ನೋಡಿದ್ದೀರಿ. ಶೇಂಗಾ ಕೀಳುವಾಗ ಬೆರಳಿಗೆ ತಾಗುತ್ತವೆ. ರೋಗವೆಂದು ಅನುಮಾನಪಟ್ಟವರೂ ಇದ್ದಾರೆ. ಅದು ರೋಗವಲ್ಲ, ಗಿಡ ತನ್ನ ಕೈಯಾರೆ ಕಟ್ಟಿಕೊಂಡ ಮನೆ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ನಿಮ್ಮ ಒಂದು ಎಕರೆಯ ನೆತ್ತಿಯ ಮೇಲೆ ನಿಂತಿರುವ ಗಾಳಿಯಲ್ಲೇ ಸುಮಾರು 30 ಸಾವಿರ ಟನ್ ಸಾರಜನಕವಿದೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ ಬೇಕೆನ್ನುವುದು 40 ಕಿಲೋ, ಅಂದರೆ 45 ಕಿಲೋ ಯೂರಿಯಾದ ಹತ್ತಿರಹತ್ತಿರ ಎರಡು ಚೀಲ. ತಲೆಯ ಮೇಲೆ ಅಷ್ಟು ಇದ್ದೂ ಮೆಕ್ಕೆಜೋಳಕ್ಕೆ ಒಂದು ಚಿಟಿಕೆಯೂ ದಕ್ಕುವುದಿಲ್ಲ. ಗಾಳಿಯ ಸಾರಜನಕದ ಪರಮಾಣುಗಳು ಎರಡೆರಡಾಗಿ ಮೂರು ಎಳೆಯ ಬಂಧದಲ್ಲಿ ಬಿಗಿದುಕೊಂಡಿರುತ್ತವೆ. ಕಾರ್ಖಾನೆಯಲ್ಲಿ ಆ ಬಂಧ ಬಿಚ್ಚಲು 400 ಡಿಗ್ರಿ ದಾಟಿದ ಕಾವು ಬೇಕು, ನಮ್ಮ ಸುತ್ತಲಿನ ಗಾಳಿಯ ನೂರೈವತ್ತು ಪಟ್ಟಿಗೂ ಮಿಕ್ಕ ಒತ್ತಡ ಬೇಕು, ನೆಲದಾಳದ ಅನಿಲ ಬೇಕು. ಜರ್ಮನಿಯಲ್ಲಿ 1913ರಲ್ಲಿ ಶುರುವಾದ ಆ ವಿಧಾನವೇ ಇಂದಿಗೂ ನಮ್ಮ ಯೂರಿಯಾ ಚೀಲದ ಮೂಲ. ಎಲ್ಲೋ ಯುದ್ಧವಾದರೆ, ಹಡಗು ತಡವಾದರೆ ನ್ಯಾಮತಿಯಲ್ಲಿ ಸರತಿ ಉದ್ದವಾಗುವುದು ಇದೇ ಕಾರಣಕ್ಕೆ.

ಆ ಬಿಗಿಯನ್ನೇ ಅಲಸಂದೆಯ ಬೇರು ಹೊಲದ ಮಾಮೂಲು ಬಿಸುಪಿನಲ್ಲಿ, ಸದ್ದಿಲ್ಲದೆ ಬಿಚ್ಚಿಸುತ್ತದೆ. ಗಿಡಕ್ಕೆ ಆ ವಿದ್ಯೆ ಗೊತ್ತಿಲ್ಲ, ಗೊತ್ತಿರುವವರನ್ನು ಅದು ಕರೆಯುತ್ತದೆ. ಬೀಜ ಮೊಳೆತು ಬೇರು ಇಳಿಯುತ್ತಿದ್ದಂತೆ ಫ್ಲೇವೊನಾಯ್ಡ್ ಎಂಬ ವಸ್ತುಗಳನ್ನು ಸುತ್ತಲ ಮಣ್ಣಿಗೆ ಒಸರುತ್ತದೆ. ಮಣ್ಣಿನಲ್ಲಿರುವ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಆ ಕರೆಯನ್ನು ಗುರುತಿಸಿ ತಮ್ಮ ಕಡೆಯಿಂದ ಇನ್ನೊಂದು ವಸ್ತುವನ್ನು ಬಿಡುತ್ತವೆ. ಬೇರಿಗೆ ಆ ಉತ್ತರದ ಗುರುತು ಹತ್ತಬೇಕು. ಹತ್ತದಿದ್ದರೆ ಬಾಗಿಲು ತೆರೆಯುವುದಿಲ್ಲ. ಕಡಲೆಗೆ ಬೇಕಾದ ಬ್ಯಾಕ್ಟೀರಿಯಾ ಬೇರೆ, ಸೋಯಾಕ್ಕೆ ಬೇಕಾದದ್ದು ಬೇರೆ, ಅಲಸಂದೆ–ಹೆಸರು–ತೊಗರಿ–ಶೇಂಗಾದ ಒಕ್ಕಲು ಬೇರೆ. ಒಂದರ ಪ್ಯಾಕೆಟ್ ಇನ್ನೊಂದರ ಬೀಜಕ್ಕೆ ಕಟ್ಟಿದರೆ ಫಲವಿಲ್ಲ ಎನ್ನುವುದು ಇದಕ್ಕೇ.

ಗುರುತು ಹತ್ತಿತೆನ್ನಿ. ಅಲಸಂದೆಯ ಬೇರುಕೂದಲು ಕುಡುಗೋಲಿನಂತೆ ಬಾಗಿ ಬ್ಯಾಕ್ಟೀರಿಯಾವನ್ನು ಮಡಿಲಿಗೆ ತೆಗೆದುಕೊಳ್ಳುತ್ತದೆ. ಆ ಮಡಿಲಿನಿಂದ ಒಳಗೆ ಎಳೆಯಂಥ ಒಂದು ಸಣ್ಣ ಕೊಳವೆ ಬೆಳೆಯುತ್ತಾ ಹೋಗುತ್ತದೆ, ಬ್ಯಾಕ್ಟೀರಿಯಾ ಅದರೊಳಗೆ ಸಾಲು ಹಿಡಿದು ಸಾಗುತ್ತವೆ. ಅವು ತಲುಪುವ ಮೊದಲೇ ಬೇರಿನ ಒಳಗಿನ ಕೋಶಗಳು ಒಡೆದು ಹೆಚ್ಚತೊಡಗಿರುತ್ತವೆ. ನೆಂಟರು ಊರ ಗಡಿ ದಾಟುವಷ್ಟರಲ್ಲಿ ಮನೆಯ ಅಟ್ಟ ಏಳುತ್ತಿದ್ದಂತೆ. ಆ ಕೋಶಗಳು ಗುಡ್ಡೆಯಾಗಿ ನಮ್ಮ ಕಣ್ಣಿಗೆ ಕಾಣುವ ಗಂಟಾಗುತ್ತವೆ. ಶೇಂಗಾದ ದಾರಿ ಬೇರೆ. ಕವಲುಬೇರು ಹೊರಡುವ ಸಂದಿನಲ್ಲಿ ಬಿರುಕು ಬಿಟ್ಟಿರುತ್ತದೆ, ಬ್ಯಾಕ್ಟೀರಿಯಾ ಅಲ್ಲಿಂದ ಒಳಸೇರುತ್ತವೆ. ಶೇಂಗಾ ಗಿಡ ಎತ್ತಿ ನೋಡಿ, ಗಂಟುಗಳೆಲ್ಲ ಬೇರು ಕವಲೊಡೆದ ಮೂಲೆಯಲ್ಲೇ ಕೂತಿರುತ್ತವೆ.

ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಅದು ನಮ್ಮ ರಕ್ತದ ಕೆಂಪಿನ ದಾಯಾದಿ. ನಮ್ಮಲ್ಲಿ ಹಿಮೊಗ್ಲೋಬಿನ್ ಇದ್ದಂತೆ ಗಂಟಿನಲ್ಲಿ ಲೆಗ್‌ಹಿಮೊಗ್ಲೋಬಿನ್ ಇದೆ, ಅದರಲ್ಲೂ ಕಬ್ಬಿಣವಿದೆ. ಸಾರಜನಕದ ಬಂಧ ಬಿಚ್ಚುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ, ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಅಳೆದು ಅಳೆದು ಬಡಿಸುತ್ತದೆ. ಎರಡೂ ಕೆಡದಂತೆ ಸಂಸಾರ ತೂಗಿಸುವ ಗೃಹಿಣಿಯ ಕೈ ಅದು.

ತಾಂಡಾದ ಹಿರಿಯರೇ, ಲದೇಣಿಯ ಕಥೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಎತ್ತುಗಳ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು, ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಿ ನಾಡು ಸಾಕಿದವರು ನಿಮ್ಮ ಪೂರ್ವಜರು. ಗಂಟಿನೊಳಗಿನ ಜೀವಿಗಳದ್ದೂ ಅದೇ ಕಾಯಕ. ಮೇಲೆ ರಾಶಿಬಿದ್ದಿದ್ದನ್ನು ಕೆಳಗೆ ಬರಗೆಟ್ಟ ಮಣ್ಣಿಗೆ ಇಳಿಸುತ್ತವೆ. ಪುಕ್ಕಟೆ ಇಳಿಸುವುದಿಲ್ಲ. ಎಲೆ ಬಿಸಿಲಿನಲ್ಲಿ ದುಡಿದು ಮಾಡಿದ ಸಕ್ಕರೆಯಲ್ಲಿ ಒಂದು ಪಾಲು ಅವುಗಳ ಕೂಲಿ. ಕೂಲಿ ಕೊಡುವ ಗಿಡ ಲೆಕ್ಕವನ್ನೂ ಇಡುತ್ತದೆ. ಬೇಕಾದಷ್ಟು ಗಂಟು ಕಟ್ಟಿದ ಮೇಲೆ ಸೊಪ್ಪಿನ ಕಡೆಯಿಂದ ಬೇರಿಗೆ ‘ಇನ್ನು ಸಾಕು’ ಎಂಬ ಸೂಚನೆ ಇಳಿಯುತ್ತದೆ.

ಈ ಲೆಕ್ಕ ತಿಳಿಯದೆ ನಾನೊಮ್ಮೆ ಕೆಟ್ಟೆ. ಪಾಠ ಹೇಳುತ್ತಿದ್ದವನೇ ಕೆಟ್ಟದ್ದರಿಂದ ನಿಮಗೆ ಹೇಳಲೇಬೇಕು. ಹಿಂದೊಂದು ವರ್ಷ ಅಲಸಂದೆ ಬಿತ್ತಿ, ಎಲೆ ಸ್ವಲ್ಪ ಬಿಳಿಚಿದ್ದು ನೋಡಿ ಮುಷ್ಟಿಗಟ್ಟಲೆ ಯೂರಿಯಾ ಎರಚಿದೆ. ಎಂಟೇ ದಿನಕ್ಕೆ ಹೊಲ ಕರ್ರಗೆ ಎದ್ದಿತು, ನೋಡಿದವರೆಲ್ಲ ಹೊಗಳಿದರು. ಬಳ್ಳಿ ಹಬ್ಬಿತು, ಸೊಪ್ಪು ಸೊಕ್ಕಿತು, ಕಾಯಿ ಕಟ್ಟಲಿಲ್ಲ. ಗಿಡ ಅಗೆದು ನೋಡಿದರೆ ಬೇರು ಬೋಳು, ಹುಡುಕಿದರೆ ನಾಲ್ಕೈದು ಬಿಳಿ ಗಂಟು. ಮಣ್ಣಿನಲ್ಲಿ ಸಾರಜನಕ ಸಲೀಸಾಗಿ ಸಿಗುವಾಗ ಗಿಡ ಯಾಕೆ ಕೂಲಿ ಕೊಟ್ಟು ಆಳು ಕರೆಯಬೇಕು? ದ್ವಿದಳಕ್ಕೆ ಎಕರೆಗೆ ಸುಮಾರು 10 ಕಿಲೋ ಸಾರಜನಕವನ್ನು ಬಿತ್ತುವಾಗಲೇ ಕೊಟ್ಟರೆ ಸಾಕು. ಗಂಟು ದುಡಿಯತೊಡಗುವವರೆಗಿನ ಬುತ್ತಿ ಅದು. ಮೇಲುಗೊಬ್ಬರವಾಗಿ ಯೂರಿಯಾ ಬೇಡವೇ ಬೇಡ. ಅದಕ್ಕೆ ಬೇಕಾದದ್ದು ರಂಜಕ ಮತ್ತು ನೀರು ನಿಲ್ಲದ ಹೊಲ. ನೀರು ನಿಂತರೆ ಗಂಟಿಗೆ ಉಸಿರುಕಟ್ಟುತ್ತದೆ.

ಆದ್ದರಿಂದ ನನ್ನ ಮೊದಲ ಬೇಡಿಕೆ, ನೋಡುವುದನ್ನು ರೂಢಿಸಿಕೊಳ್ಳಿ. ಬಿತ್ತಿದ 35–40 ದಿನಕ್ಕೆ, ಹೂ ಬರುವ ಹೊತ್ತಿಗೆ, ಹೊಲದ ನಾಲ್ಕು ಕಡೆ ಒಂದೊಂದು ಗಿಡ ತೆಗೆಯಿರಿ. ಕೀಳಬೇಡಿ, ಗಂಟುಗಳು ಕಳಚಿ ಮಣ್ಣಿನಲ್ಲೇ ಉಳಿಯುತ್ತವೆ. ಸಲಿಕೆಯಿಂದ ಹೆಂಟೆ ಸಮೇತ ಎತ್ತಿ ಬಕೆಟ್ಟಿನ ನೀರಿನಲ್ಲಿ ನೆನೆಯಲು ಬಿಡಿ, ಮಣ್ಣು ತಾನೇ ಬಿಡುತ್ತದೆ. ತಾಯಿಬೇರಿನ ಸುತ್ತ ದಪ್ಪ ಗಂಟುಗಳಿದ್ದು, ಸೀಳಿದಾಗ ನಸುಗೆಂಪು ಕಂಡರೆ ನಿಮ್ಮ ಹೊಲದಲ್ಲಿ ಕೆಲಸ ನಡೆದಿದೆ. ಒಳಗೆ ಬಿಳಿಯಿದ್ದರೆ ಇನ್ನೂ ಎಳೆಯದು, ಇಲ್ಲವೇ ಬಂದ ಬ್ಯಾಕ್ಟೀರಿಯಾ ಮೈಗಳ್ಳ. ಹಸಿರು ಬಣ್ಣ ತಿರುಗಿದ್ದರೆ ಅದರ ಆಯಸ್ಸು ಮುಗಿಯಿತೆಂದು ತಿಳಿಯಿರಿ. ಬೇರೇ ಅಲ್ಲಲ್ಲಿ ಊದಿಕೊಂಡು, ಬೆರಳಿನಿಂದ ಬಿಡಿಸಲು ಬಾರದಂತಿದ್ದರೆ ಅದು ಈ ಗಂಟಲ್ಲ, ಜಂತುಹುಳು ಮಾಡುವ ಬೇರುಗಂಟು ರೋಗ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಮೆಲ್ಲಗೆ ತಳ್ಳಿದರೆ ಕಳಚುತ್ತದೆ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಗಂಟಿಗೇ ಔಷಧಿ ಹುಯ್ದವರನ್ನು ಕಂಡಿದ್ದೇನೆ.

ಗಂಟು ತೀರಾ ಕಡಿಮೆಯಿದ್ದರೆ ಮುಂದಿನ ಬಿತ್ತನೆಗೆ ಆಯಾ ಬೆಳೆಯ ರೈಜೋಬಿಯಂ ತಂದು ಬೀಜಕ್ಕೆ ಕಟ್ಟಬಹುದು. ಬೆಲ್ಲದ ನೀರು ಕಾಸಿ, ಪೂರ್ತಿ ಆರಿಸಿ, ಬೀಜಕ್ಕೆ ಚಿಮುಕಿಸಿ, ಪುಡಿ ಹಚ್ಚಿ, ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು. ಬೀಜಕ್ಕೆ ಬೇರೆ ಔಷಧಿ ಹಚ್ಚುವುದಿದ್ದರೆ ಮೊದಲೇ ಹಚ್ಚಿ, ರೈಜೋಬಿಯಂ ಯಾವಾಗಲೂ ಕೊನೆಗೆ. ಒಂದು ಮಾತು ನೆನಪಿರಲಿ, ಆ ಪ್ಯಾಕೆಟ್ಟಿನೊಳಗಿರುವುದು ಜೀವ. ಅಂಗಡಿಯೊಂದರಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಿದ್ದ ಪ್ಯಾಕೆಟ್ ತಂದು ಒಂದು ವರ್ಷ ಕಳೆದುಕೊಂಡವನು ನಾನು. ತಾರೀಖು ನೋಡಿ, ತಂಪಿನಲ್ಲಿಟ್ಟದ್ದನ್ನೇ ಕೇಳಿ ತನ್ನಿ.

ಇದೆಲ್ಲ ಹೊಸ ವಿದ್ಯೆಯೆಂದು ನಾನು ಹೇಳಿದರೆ ನಿಮ್ಮ ತಂದೆತಾಯಂದಿರಿಗೆ ಅಪಚಾರ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಶುದ್ಧ ಮಾಡಿದ ಮರಳಿನಲ್ಲಿ ಬಟಾಣಿ ಬೆಳೆದು, ಅದಕ್ಕೆ ಹೊಲದ ಮಣ್ಣು ತೊಳೆದ ನೀರು ಹಾಕಿದಾಗಲಷ್ಟೇ ಗಂಟು ಕಟ್ಟಿ ಗಿಡ ಚೇತರಿಸಿದ್ದನ್ನು 1886ರಲ್ಲಿ ಜಗತ್ತಿಗೆ ತಿಳಿಸಿದರು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಅವರು ಕಾರಣ ಹುಡುಕಿಕೊಟ್ಟರು. ಶೇಂಗಾ ಕಿತ್ತ ಹೊಲದಲ್ಲಿ ಮರುವರ್ಷ ಜೋಳ ಕರ್ರಗೆ ಬರುತ್ತದೆಂಬ ಅನುಭವ ನಮ್ಮ ಹಿರಿಯರಿಗೆ ಆಗಲೇ ಇತ್ತು. ಕೂರಿಗೆಯಲ್ಲಿ ಜೋಳ ಬಿತ್ತುತ್ತಾ ಹಿಂದೆ ಅಕ್ಕಡಿ ಸಾಲು ಹಿಡಿದು ತೊಗರಿ, ಅವರೆ, ಅಲಸಂದೆ ಬಿಡುತ್ತಿದ್ದವರು ನಮ್ಮ ಅವ್ವಂದಿರು. ಒಂದು ಹೊಲದಿಂದ ರೊಟ್ಟಿ, ಬೇಳೆ, ಪಲ್ಯ ಮೂರೂ ಮನೆಗೆ ಬರುತ್ತಿದ್ದವು.

ಮೆಕ್ಕೆಜೋಳ ಬಂದ ಮೇಲೆ ಆ ಸಾಲು ಅಳಿಯಿತು. ಇಂದು ದಾವಣಗೆರೆ ಜಿಲ್ಲೆಯೆಂದರೆ ಮೆಕ್ಕೆಜೋಳದ ಜಿಲ್ಲೆ. ಅದನ್ನು ನಾನು ಹಳಿಯಲಾರೆ, ನಮ್ಮ ಮಕ್ಕಳ ಓದು, ಮದುವೆ, ಮನೆ ಎಲ್ಲ ಅದರ ದುಡ್ಡಿನಿಂದಲೇ ಆಗಿವೆ. ಆದರೆ ಮೆಕ್ಕೆಜೋಳದ ತವರಾದ ಮೆಕ್ಸಿಕೋದಲ್ಲಿ ಅದನ್ನು ಒಂಟಿಯಾಗಿ ಬೆಳೆಯುವ ವಾಡಿಕೆಯಿರಲಿಲ್ಲ. ಅದರ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿ, ಬುಡದಲ್ಲಿ ಕುಂಬಳ ಹರಡಿಸಿ ಅಲ್ಲಿನವರು ಸಾವಿರಾರು ವರ್ಷ ಬೆಳೆದರು. ನಮ್ಮಲ್ಲಿಗೆ ಅದು ಸಂಗಾತಿಯಿಲ್ಲದೆ ಬಂತು, ಸಂಗಾತಿಯ ಜಾಗಕ್ಕೆ ಯೂರಿಯಾ ಚೀಲ ಬಂತು. ಒಂದೇ ಬೆಳೆ ಮೈಲುಗಟ್ಟಲೆ ಹಬ್ಬಿದರೆ ಏನಾಗುತ್ತದೆಂದು 2018ರಲ್ಲಿ ನೋಡಿದೆವು. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲೇ. ಅದಕ್ಕೆ ಊಟ ಹುಡುಕಿ ಅಲೆಯುವ ಕಷ್ಟವೇ ಇರಲಿಲ್ಲ.

ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಒಂದು ಸಾಲು ತೊಗರಿ ಹಾಕಿದ ವರ್ಷವೇ ಪಕ್ಕದ ಮೆಕ್ಕೆಜೋಳಕ್ಕೆ ದೊಡ್ಡ ಪಾಲೇನೂ ಸಿಗದು. ಗಂಟು ಗಳಿಸಿದ್ದರಲ್ಲಿ ಬಹುಪಾಲು ಕಾಳಿನಲ್ಲಿ ಕೂತು ಹೊಲದಿಂದ ಹೊರಗೆ ಹೋಗುತ್ತದೆ. ಮಣ್ಣಿಗೆ ಉಳಿಯುವುದು ಉದುರಿದ ಎಲೆ, ಕೊಳೆತ ಬೇರು ಮತ್ತು ಗಂಟು. ಹಾಗಾಗಿ ಯೂರಿಯಾ ಒಂದೇ ವರ್ಷಕ್ಕೆ ನಿಲ್ಲುವುದಿಲ್ಲ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಆರು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿಯಂತೆ ನಾನು ಮಾಡುತ್ತಾ ಬಂದಿದ್ದೇನೆ. ತೊಗರಿ ಉದುರಿಸುವ ಎಲೆಯೇ ನನ್ನ ಕೆಂಪು ಮಣ್ಣಿಗೆ ಹೊದಿಕೆ. ಕೊಯ್ಯುವಾಗ ಬುಡಕ್ಕೆ ಕತ್ತರಿಸಿ ಬೇರನ್ನು ಭೂಮಿಗೇ ಬಿಡುತ್ತೇನೆ. ಶೇಂಗಾ, ಹುರುಳಿಯನ್ನು ಬೇರುಸಮೇತ ಕಿತ್ತು ಹೊಟ್ಟನ್ನು ದನಕ್ಕೆ ಹಾಕಿದರೆ ತಿಪ್ಪೆ ಗೊಬ್ಬರವನ್ನಾದರೂ ಅದೇ ಹೊಲಕ್ಕೆ ಹೊಡೆಯಬೇಕು. ಮಣ್ಣಿನಿಂದ ಸಾಲ ತಂದ ಮೇಲೆ ತೀರಿಸುವುದು ನ್ಯಾಯ.

ಈಗ ಈ ಪತ್ರವನ್ನು ಒಬ್ಬರಿಗೆ ಬರೆಯದೆ ಊರಿಗೇ ಬರೆದ ಕಾರಣಕ್ಕೆ ಬರುತ್ತೇನೆ. ಅಕ್ಕಡಿ ಸಾಲು ಯಾಕೆ ಹೋಯಿತೆಂದು ಕೇಳಿದರೆ ನೀವು ಹೇಳುವ ಕಾರಣಗಳು ನನಗೂ ಗೊತ್ತು. ಮೆಕ್ಕೆಜೋಳಕ್ಕೆ ಹೊಡೆಯುವ ಕಳೆನಾಶಕಕ್ಕೆ ಅಲಸಂದೆ, ಹೆಸರು ಉಳಿಯುವುದಿಲ್ಲ. ಎಡೆಕುಂಟೆ ಹೊಡೆಯಲು ಎತ್ತಿಲ್ಲ, ಕಳೆ ತೆಗೆಯಲು ಆಳಿಲ್ಲ. ಮೆಕ್ಕೆಜೋಳ ಕಟಾವಾದ ಮೇಲೆ ದನ ಬಯಲಿಗೆ ಬಿಡುತ್ತಾರೆ, ಆಗ ಇಡೀ ಬಯಲಿನಲ್ಲಿ ಹಸಿರಾಗಿ ನಿಂತ ಒಂದೇ ತೊಗರಿ ಹೊಲ ಉಳಿದೀತೇ? ಕೆಲವು ಮನೆಯವರು ಅಷ್ಟು ಹೊತ್ತಿಗೆ ಬೀಗ ಹಾಕಿ ಕಾಫಿ ಸೀಮೆಗೆ ಕೂಲಿಗೆ ಹೊರಟಿರುತ್ತಾರೆ, ಕಾಯುವವರು ಯಾರು? ಇವೆಲ್ಲ ನಿಜವಾದ ಕಷ್ಟಗಳು. ಒಂದೊಂದು ಮನೆ ಒಂದೊಂದಾಗಿ ಸೋತದ್ದು ಇವುಗಳಿಗೇ.

ಕೂಡಿದರೆ ಗೆಲ್ಲಬಹುದಾದ ಕಷ್ಟಗಳೂ ಇವೇ. ತಾಂಡಾದ ನಾಯಕರೇ, ಕಾರಭಾರಿಗಳೇ, ಊರಿನ ಹಿರಿಯರೇ, ನಿಮ್ಮ ಮಾತಿಗೆ ಈಗಲೂ ಬೆಲೆಯಿದೆ. ತೊಗರಿ ಕೊಯ್ಲು ಮುಗಿಯುವವರೆಗೆ ದನ ಬಯಲಿಗೆ ಬಿಡುವುದಿಲ್ಲವೆಂದು ಒಂದು ಕಟ್ಟು ಮಾಡಿ. ಒಂದು ಬಯಲಿನ ಹತ್ತು ಮನೆಯವರು ಕೂಡಿ ಅಕ್ಕಡಿ ಹಾಕಿದರೆ ಕಾವಲಿಗೆ ಪಾಳಿ ಹಚ್ಚಬಹುದು, ಗುಳೆ ಹೋದವರ ಸಾಲಿಗೂ ಕಣ್ಣಿಟ್ಟಂತಾಗುತ್ತದೆ. ಎರಡೂ ಬೆಳೆಗೆ ಒಗ್ಗುವ ಕಳೆನಾಶಕ ಯಾವುದು, ಎಷ್ಟು, ಯಾವಾಗ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲವೇ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಹತ್ತು ಜನ ಹೋಗಿ ಕೇಳಿ. ಒಬ್ಬ ಹೋದರೆ ಸಲಹೆ ಸಿಗುತ್ತದೆ, ಹತ್ತು ಜನ ಹೋದರೆ ಅವರೇ ಹೊಲಕ್ಕೆ ಬರುತ್ತಾರೆ. ಇಡೀ ಹೊಲ ಬೇಡ, ಮೊದಲ ವರ್ಷ ಮನೆಗೊಂದು ಎಕರೆ ಸಾಕು.

ಅಕ್ಕಂದಿರೇ, ನಿಮಗೆ ಬೇರೆಯಾಗಿ ಒಂದು ಮಾತು. ಬೂದಿ ಬೆರೆಸಿ ಗಡಿಗೆಯಲ್ಲಿ ಬೀಜ ಕಾಯ್ದವರು ನೀವು. ತೀಜ್ ಹಬ್ಬದಲ್ಲಿ ತಾಂಡಾದ ಹೆಣ್ಣುಮಕ್ಕಳು ಬುಟ್ಟಿಯ ಮಣ್ಣಿನಲ್ಲಿ ಗೋಧಿ ಮೊಳಕೆ ಬರಿಸಿ, ದಿನವೂ ನೀರೆರೆದು ಅಕ್ಕರೆಯಿಂದ ಕಾಯುವುದನ್ನು ನೋಡಿದಾಗಲೆಲ್ಲ ಮಣ್ಣಿನ ಮರ್ಯಾದೆ ಇನ್ನೂ ಉಳಿದಿದೆ ಎನ್ನಿಸುತ್ತದೆ. ನಾಟಿ ಅಲಸಂದೆ, ಅವರೆ, ತೊಗರಿಯ ಬೀಜ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಒಂದು ಹಿಡಿ ಉಳಿದಿದ್ದರೆ ಅದನ್ನು ಹಂಚಿ.

ಪ್ರತಿ ಫೆಬ್ರುವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ಸೂರಗೊಂಡನಕೊಪ್ಪದ ಭಾಯಾಗಡಕ್ಕೆ ರಾಜ್ಯ ಹೊರರಾಜ್ಯಗಳಿಂದ ಜನ ಹರಿದುಬರುತ್ತಾರೆ. ಅವರಲ್ಲಿ ಬಹಳ ಜನ ಒಣಭೂಮಿಯ ರೈತರೇ. ಹಾಗೆ ಬಂದವರು ಅಕ್ಕಡಿ ಸಾಲಿನ ತೊಗರಿ ಬೆಳೆದ ಹೊಲಗಳ ನಡುವೆ ನಡೆದುಬಂದರೆ, ಇಲ್ಲಿಂದ ಅವರು ಒಯ್ಯುವ ಪ್ರಸಾದದ ಜೊತೆಗೆ ಒಂದು ಹಿಡಿ ಬೀಜವೂ ಹೋದರೆ, ಅದಕ್ಕಿಂತ ದೊಡ್ಡ ಸೇವೆ ನನಗೆ ತೋಚದು.

ಸರತಿಯಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಯರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು: ನಿಮ್ಮಪ್ಪನ ಕಾಲಕ್ಕೆ ಹೊಲ ಬೆಳೆಯುತ್ತಿದ್ದದ್ದು ತಿಪ್ಪೆ ಗೊಬ್ಬರದಿಂದ, ಮತ್ತು ಅಕ್ಕಡಿ ಸಾಲಿನ ಬೇರಿನಲ್ಲಿ ಹಗಲಿರುಳು ದುಡಿಯುತ್ತಿದ್ದ ಕಾಣದ ಆಳುಗಳಿಂದ. ಅವರು ಸತ್ತಿಲ್ಲ. ನಮ್ಮ ಮಣ್ಣಿನಲ್ಲಿ ಇನ್ನೂ ಇದ್ದಾರೆ, ಕರೆಯುವ ಬೇರು ಇಲ್ಲದೆ ಸುಮ್ಮನಿದ್ದಾರೆ.

ಈ ರೋಹಿಣಿ ಮಳೆಗೆ ಒಂದು ಸಾಲು ಅಲಸಂದೆಯನ್ನಾದರೂ ಬಿಡಿ. ನಲವತ್ತನೆಯ ದಿನ ಒಂದು ಗಿಡವನ್ನು ಹೆಂಟೆ ಸಮೇತ ಎತ್ತಿಕೊಂಡು ಊರಕಟ್ಟೆಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ನಾನು ನೀರಿನ ಬಕೆಟ್ ತರುತ್ತೇನೆ. ಎಲ್ಲರೂ ಕೂತು ಬೇರು ತೊಳೆದು, ಗಂಟು ಸೀಳಿ, ಒಳಗಿನ ಕೆಂಪು ನೋಡೋಣ.

ಇಂತಿ,
ನಿಮ್ಮ ನೆರೆಯ ಹೊಲದವನು,
ಒಬ್ಬ ನಿವೃತ್ತ ಮೇಷ್ಟ್ರು
ನ್ಯಾಮತಿ ತಾಲ್ಲೂಕು